ಇಸವಿಯ ಮುಂದಿನ ಗೀಟು

ಬೆಳಗ್ಗೆ ಕಣ್ಣು ಬಿಡುವ ಮೊದಲೇ ಅವನಿಗೆ ಭಾವನ ಮೇಲೆ, ಹೆಂಡತಿಯ ಅಣ್ಣನ ಮೇಲೆ, ಸಿಟ್ಟು ಬಂದಿತ್ತು. ಆ ಹೊತ್ತಿಗೆ ಭಾವ ಊರಿನ ಇನ್ನೊಂದು ತುದಿಯಲ್ಲಿ ತನ್ನ ಪಾಡಿಗೆ ತಾನು ಹಲ್ಲುಜ್ಜುತ್ತಿದ್ದಿರಬೇಕು. ನಿನ್ನೆಯಾಗಲಿ ಮೊನ್ನೆಯಾಗಲಿ ಅವನು ಹೊಸದಾಗಿ ಏನೂ ಮಾಡಿರಲಿಲ್ಲ. ಹಾಗಿದ್ದೂ ಸ್ನಾನ ಮಾಡುವಾಗ, ತಲೆ ಒರೆಸಿಕೊಳ್ಳುವಾಗ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಭಾವನ ಜೊತೆ ಮನಸ್ಸಿನಲ್ಲೇ ಜಗಳ ನಡೆದಿತ್ತು, ಆ ಜಗಳದಲ್ಲಿ ಪ್ರತಿ ಸಲವೂ ಅವನೇ ಗೆಲ್ಲುತ್ತಿದ್ದ. ನಿಜವಾಗಿ ಭಾವನ ಎದುರು ನಿಂತರೆ ತನ್ನ ಬಾಯಿಂದ ಹೊರಡುವುದು ಹಲ್ಲು ಕಿರಿದ ಒಂದು ನಗು ಮಾತ್ರ ಎನ್ನುವುದು ಅವನಿಗೂ ಗೊತ್ತಿತ್ತು. ಅಡುಗೆಮನೆಯಲ್ಲಿ ಹೆಂಡತಿ ಬೆನ್ನು ತಿರುಗಿಸಿಕೊಂಡು ಊಟದ ಡಬ್ಬಿ ತುಂಬುತ್ತಿದ್ದಳು. ಆ ಬೆನ್ನು ನೋಡಿದರೇ ಸಾಕು, ಏನೋ ಕೇಳಲಿದ್ದಾಳೆ ಎಂದು ತಿಳಿಯುತ್ತಿತ್ತು.

“ಅಣ್ಣನಿಗೆ ಇವತ್ತೇ ಕೊನೆ ದಿನವಂತೆ,” ಎಂದಳು.

“ಯಾವುದಕ್ಕೆ?”

“ನಿಮಗೆ ಗೊತ್ತಿಲ್ದೇ ಇರುತ್ತಾ? ತಪಾಸಣೆ ವಿಭಾಗಕ್ಕೆ ಹೋಗೋರು ಸಂಜೆ ಐದರೊಳಗೆ ಹೆಸರು ಕೊಡಬೇಕಂತೆ. ಅತ್ತಿಗೆ ಫೋನ್ ಮಾಡಿ ಅತ್ತರು. ಅಣ್ಣ ಹೋಗೋದಿಲ್ಲ ಅಂತ ಪಟ್ಟು ಹಿಡ್ಕೊಂಡು ಕೂತಿದಾನಂತೆ. ನೀವು ಮೇಲಿನವರ ಹತ್ರ ಓಡಾಡ್ತೀರಲ್ಲ, ಏನಾದ್ರೂ ಕಿವಿಗೆ ಬಿತ್ತಾ?”

“ನನ್ನ ಕಿವಿಗೆ ಯಾರು ಹಾಕ್ತಾರೆ?”

“ಅದೂ ನಿಜ. ಗೊತ್ತಿದ್ರೆ ಹೇಳ್ತಿದ್ರಿ ಬಿಡಿ,” ಎಂದು ಅವಳು ಡಬ್ಬಿಯ ಮುಚ್ಚಳ ಒತ್ತಿ ಅವನ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆದರೆ ಆ ಮಾತೂ ಅವನ ಪಕ್ಕದಲ್ಲೇ ಬಂದು ಕೂತಿತು. ಗೊತ್ತಿದ್ರೆ ಹೇಳ್ತಿದ್ರಿ ಬಿಡಿ. ಈ ಮನೆಯವರಿಗೆಲ್ಲ ಅವನ ಮೇಲಿರುವ ನಂಬಿಕೆ ಇಂಥದೇ. ಮನೆಯ ನಾಯಿ ಮನೆಯವರನ್ನು ಕಚ್ಚುವುದಿಲ್ಲ ಎನ್ನುವ ನಂಬಿಕೆ. ಮದುವೆಯಾದ ಹೊಸದರಲ್ಲಿ ಅವನು ಒಂದು ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದ. ಪಾಠವೇನೋ ಚೆನ್ನಾಗಿಯೇ ಮಾಡುತ್ತಿದ್ದ, ಮಕ್ಕಳು ಕೇಳುತ್ತಿರಲಿಲ್ಲ, ಅಷ್ಟೆ. ಹಿಂದಿನ ಬೆಂಚಿನವರು ಡೆಸ್ಕು ಕುಟ್ಟುತ್ತಿದ್ದರು, ಮುಂದಿನ ಬೆಂಚಿನವರು ಅದಕ್ಕೆ ತಾಳ ಹಾಕುತ್ತಿದ್ದರು, ಹೆಡ್‌ಮಾಸ್ಟರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ವರ್ಷದ ಕೊನೆಗೆ ಕೆಲಸ ಹೋಯಿತು. ಭಾವ ತನ್ನ ಹಳೆಯ ಕೋಟು ತಂದು ಅವನಿಗೆ ತೊಡಿಸಿ, ಭುಜದ ಮೇಲಿನ ಧೂಳನ್ನು ತಾನೇ ಕೊಡವಿ, ತಾನು ಕೆಲಸ ಮಾಡುವ ಬ್ಯಾಂಕಿಗೆ ಕರೆದುಕೊಂಡು ಹೋದ. ದೊಡ್ಡ ಅಧಿಕಾರಿಯ ಎದುರು ಇಬ್ಬರೂ ಕೂತರು. “ಬದುಕಿರೋ ಮಕ್ಕಳನ್ನ ಹಿಡಿದಿಟ್ಟುಕೊಳ್ಳೋಕೆ ಇವನ ಕೈಲಿ ಆಗಲಿಲ್ಲ ಸಾರ್. ಸತ್ತೋರನ್ನಾದ್ರೂ ನೋಡ್ಕೊಳ್ತಾನೆ, ಒಂದು ಮೂಲೇಲಿ ಹಾಕಿ,” ಎಂದ ಭಾವ. ಅಧಿಕಾರಿ ಹೊಟ್ಟೆ ಕುಲುಕಿಸಿ ನಕ್ಕರು. ಅವನೂ ನಕ್ಕ. ಹಾಗೆ ನಕ್ಕಿದ್ದಕ್ಕೇ ಕೆಲಸ ಸಿಕ್ಕಿತೇನೋ ಎಂದು ಅವನಿಗೆ ಈಗಲೂ ಅನ್ನಿಸುತ್ತದೆ. ಬ್ಯಾಂಕಿನ ಚರಿತ್ರೆ ನೋಡಿಕೊಳ್ಳುವ ಕೆಲಸ, ಕೆಳ ಅಂತಸ್ತಿನ ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅನ್ನ ಹಾಕಿದ ಕೈ ಅದು, ಇಲ್ಲವೆನ್ನಲಾಗದು. ಆದರೆ ಅನ್ನ ಹಾಕಿದ ಕೈ ಪ್ರತಿ ತುತ್ತಿಗೂ ತಲೆ ಸವರುತ್ತಾ ಕೂತರೆ ಉಣ್ಣುವವನ ಗತಿಯೇನು? ಅಂದಿನಿಂದ ಇಂದಿನವರೆಗೂ ಭಾವ ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ನಾಲ್ಕು ಜನರ ಮುಂದೆ ಅವನ ಹೆಗಲ ಮೇಲೆ ಕೈ ಹಾಕಿ, “ನಮ್ಮ ಮೇಷ್ಟ್ರು. ಆ ಕೋಟು ಇನ್ನೂ ಇದೆಯೇನೋ?” ಎನ್ನುತ್ತಾನೆ. ಕೋಟು ಇನ್ನೂ ಇದೆ. ಅವನು ಅದನ್ನು ಎಸೆದಿಲ್ಲ.

ಬ್ಯಾಂಕಿನ ಮುಂಬಾಗಿಲಿನಿಂದ ಲಿಫ್ಟಿನವರೆಗೆ ಉದ್ದಕ್ಕೂ ಒಂದು ಕಾರಿಡಾರು. ಅದರ ಎಡಗೋಡೆ ಅವನ ಕೈಕೆಳಗಿನ ರಾಜ್ಯ. ಹತ್ತಾರು ದೇಶಗಳಲ್ಲಿ ಕಾಲು ಚಾಚಿರುವ ಬ್ಯಾಂಕು ತನ್ನ ಒಂದೊಂದು ವಿಭಾಗಕ್ಕೂ ಅಲ್ಲಿ ಒಂದೊಂದು ಹಿತ್ತಾಳೆ ಫಲಕ ಹಾಕಿಸಿದೆ. ಫಲಕದ ಮೇಲೆ ವಿಭಾಗದ ಹೆಸರು, ಅದು ಹುಟ್ಟಿದ ಇಸವಿ, ಇಸವಿಯ ಮುಂದೆ ಒಂದು ಗೀಟು, ಗೀಟಿನ ಆಚೆ ಖಾಲಿ ಜಾಗ. ಬದುಕಿರುವ ವಿಭಾಗದ ಗುರುತೇ ಆ ಖಾಲಿ ಜಾಗ. ವಿಭಾಗ ಮುಚ್ಚಿದರೆ ಅಲ್ಲಿ ಇನ್ನೊಂದು ಇಸವಿ ಬೀಳುತ್ತದೆ. ಜನಸಾಮಾನ್ಯರ ಉಳಿತಾಯ ನೋಡಿಕೊಳ್ಳುವ ವಿಭಾಗಕ್ಕೆ ಸಿಬ್ಬಂದಿ ಇಟ್ಟ ಹೆಸರು ಚಿಲ್ಲರೆ ಅಂಗಡಿ. ದೊಡ್ಡ ಕಂಪನಿಗಳಿಗೆ ಸಾಲ ಕೊಡುವುದು ಆನೆ ಲಾಯ. ಶೇರು, ವಿದೇಶಿ ನಾಣ್ಯ ಎಂದು ದಿನವಿಡೀ ಕಿರುಚಾಡುವ ಮೂರನೆಯ ಅಂತಸ್ತು ಜೂಜುಕಟ್ಟೆ. ಸಿರಿವಂತರ ಆಸ್ತಿ ಕಾಯುವ, ಮೆತ್ತನೆಯ ಸೋಫಾಗಳ ವಿಭಾಗಕ್ಕೆ ಅಳಿಯಂದಿರ ಮನೆ ಎಂದು ಹೆಸರು. ಅಲ್ಲಿಗೆ ಬಂದವರಿಗೆ ಅಂಥ ಉಪಚಾರ. ಎಲ್ಲಕ್ಕೂ ಮೊದಲು, ಬಾಗಿಲಿನ ಪಕ್ಕದಲ್ಲೇ, ಹಡಗು ಕಾಗದಗಳ ವಿಭಾಗದ ಫಲಕ. ಸರಕು ಕಳಿಸುವವನಿಗೂ ಕೊಳ್ಳುವವನಿಗೂ ಮಧ್ಯೆ ಬ್ಯಾಂಕು ಜಾಮೀನು ನಿಂತು, ಹಡಗಿನ ಕಾಗದಪತ್ರ ನೋಡಿ, ಮೊಹರು ಒತ್ತುವ ಕೆಲಸ. ಬ್ಯಾಂಕು ಹುಟ್ಟಿದ್ದೇ ಆ ಕೆಲಸದಿಂದ. ಮೂವರು ವ್ಯಾಪಾರಿಗಳು ಬಂದರಿನ ಒಂದು ಗೋದಾಮಿನಲ್ಲಿ ಕೂತು ಒತ್ತಿದ ಮೊದಲ ಮೊಹರು ಈಗಲೂ ಗಾಜಿನ ಪೆಟ್ಟಿಗೆಯಲ್ಲಿದೆ. ಈ ವಿಭಾಗದ ಮುಖ್ಯಸ್ಥನೇ ಭಾವ. “ನಾವು ಬೇರು, ಮಿಕ್ಕಿದ್ದೆಲ್ಲ ಸೊಪ್ಪು,” ಎಂದು ಅವನು ಊಟದ ಮನೆಯಲ್ಲಿ ಬಾಯಿ ತುಂಬಾ ಹೇಳುತ್ತಾನೆ. ಬೇರು, ಬೇರು ಎಂದು ಕೇಳಿ ಕೇಳಿ ಅವನಿಗೆ ವಾಕರಿಕೆ ಬಂದಿದೆ.

ಮೂರು ವಾರಗಳ ಹಿಂದೆ ಮೇಡಂ ಕರೆದು ಸುದ್ದಿ ಹೇಳಿದಾಗ ಮಧ್ಯಾಹ್ನದ ಬಿಸಿಲು ಅವರ ಮೇಜಿನ ಗಾಜಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಬ್ಯಾಂಕಿನ ಪ್ರಚಾರವೂ ಚರಿತ್ರೆಯೂ ಅವರ ಕೈಕೆಳಗೇ. ಬರುವ ತಿಂಗಳು ಪರದೇಶದ ದೊಡ್ಡವರು ಬರುತ್ತಾರೆ, ಹಡಗು ಕಾಗದಗಳ ಕೆಲಸವನ್ನೆಲ್ಲ ಇನ್ನು ಮೇಲೆ ಅಲ್ಲಿಯೇ ಯಂತ್ರಗಳು ಮಾಡುತ್ತವೆ, ಇಲ್ಲಿಯ ವಿಭಾಗ ಮುಚ್ಚುತ್ತದೆ, ಅದಕ್ಕೆ ಮೊದಲು ಘೋಷಣೆಯಾಗುವ ಹೊತ್ತಿಗೆ ಫಲಕ ಸಿದ್ಧವಿರಬೇಕು ಎಂದರು. ಈ ಬ್ಯಾಂಕಿನ ರೀತಿಯೇ ಹಾಗೆ. ಕೆತ್ತುವವನಿಗೆ ವಾರಗಟ್ಟಲೆ ಹಿಡಿಯುವುದರಿಂದ ಸಾವಿನ ಸುದ್ದಿ ಸಾಯುವವರಿಗಿಂತ ಮೊದಲು ಚರಿತ್ರೆಗೆ ತಲಪುತ್ತದೆ. ಹಾಗೆ ಮುಚ್ಚಿದ ಎಷ್ಟೋ ವಿಭಾಗಗಳ ಜನರ ಜೊತೆ ಅವನು, ಎಲ್ಲ ಗೊತ್ತಿದ್ದೂ, ಲಿಫ್ಟಿನಲ್ಲಿ ಹವಾಮಾನದ ಮಾತಾಡಿದ್ದಾನೆ. “ಬಾಯಿ ಬಿಟ್ಟರೆ ನಿಮ್ಮ ಕಥೆಯೂ ಮುಗೀತು ಅಂತ ತಿಳ್ಕೊಳ್ಳಿ,” ಎಂದ ಮೇಡಂ, ಅವನು ಏಳುವಾಗ ಏನೋ ನೆನಪಾದವರಂತೆ, “ಆ ವಿಭಾಗದಲ್ಲಿ ನಿಮ್ಮವರು ಯಾರೂ ಇಲ್ಲ ತಾನೇ?” ಎಂದು ಕೇಳಿದರು. ಇದ್ದಾರೆ ಎಂದಿದ್ದರೆ ಆ ಕೆಲಸ ಬೇರೆಯವರ ಪಾಲಾಗುತ್ತಿತ್ತು, ಅಷ್ಟೇ. ಅವನು ಇಲ್ಲ ಎಂದ. ಯಾರೂ ಇಲ್ಲ, ಮೇಡಂ. ಅಷ್ಟು ಹಗುರವಾಗಿ ಬಾಯಿಂದ ಹೊರಟಿತು ಆ ಮಾತು. ಇಷ್ಟು ವರ್ಷಗಳಲ್ಲಿ ಈ ಕಟ್ಟಡದೊಳಗೆ ತಾನು ಭಾವನ ಯಾರೂ ಅಲ್ಲ ಎಂದು ನಂಬುವ ಒಬ್ಬ ಮನುಷ್ಯ ಸಿಕ್ಕಿದ್ದು ಅದೇ ಮೊದಲು. ಆ ಖುಷಿಗೆ ಅವನು ಲಿಫ್ಟನ್ನು ಬಿಟ್ಟು ಮೆಟ್ಟಿಲಿನಲ್ಲಿ ಇಳಿದ.

ಅದಾದ ಮರುದಿನವೇ ಹಡಗಿನವರಿಗೆಲ್ಲ ಒಂದು ಸೂಚನೆ ಬಂತು. ಬೇಕಾದವರು ತಪಾಸಣೆ ವಿಭಾಗಕ್ಕೆ ಹೋಗಬಹುದು, ದರ್ಜೆ ಒಂದು ಮೆಟ್ಟಿಲು ಕೆಳಗೆ. ಯಾಕೆ ಎಂದು ಅದರಲ್ಲಿ ಇರಲಿಲ್ಲ. ಬ್ಯಾಂಕಿನ ನಿಯಮ ಬಲ್ಲವನಿಗೆ ಹೇಳುವ ಅಗತ್ಯವೂ ಇರಲಿಲ್ಲ: ಬದಲಿ ಕೆಲಸ ಕೊಟ್ಟಾಗ ಬೇಡವೆಂದವರಿಗೆ, ವಿಭಾಗ ಮುಚ್ಚಿದರೆ, ಬ್ಯಾಂಕಿನ ಮೇಲೆ ಯಾವ ಹಕ್ಕೂ ಉಳಿಯುವುದಿಲ್ಲ. ಬೀದಿಯೇ ಗತಿ. ಭಾವನ ತಲೆಗೆ ಅದು ಹೋಗಲಿಲ್ಲವೋ, ಹೋಗುವುದು ಅವನಿಗೆ ಬೇಡವಾಗಿತ್ತೋ. ಬೇರು ಎಲ್ಲಿಗೂ ಹೋಗುವುದಿಲ್ಲ ಎಂದು ತಾನೂ ಕೂತ, ತನ್ನ ಕೈಕೆಳಗಿನವರನ್ನೂ ಕೂರಿಸಿದ. ಈ ವಯಸ್ಸಿನಲ್ಲಿ ಅವನಿಗೆ ಇನ್ನೊಂದು ಕಡೆ ಕೆಲಸ ಯಾರು ಕೊಡುತ್ತಾರೆ? ಮನೆಯಲ್ಲಿ ಓದುವ ಇಬ್ಬರು ಹೆಣ್ಣುಮಕ್ಕಳು, ಸಕ್ಕರೆ ಕಾಯಿಲೆಯ ಅತ್ತಿಗೆ. ಇವನು ಒಂದು ಮಾತು ಹೇಳಿದರೆ ಸಾಕಿತ್ತು. ಮಾತೂ ಬೇಡ. ಹೋಗಿ ಭಾವ, ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಯಾವ ಮೇಡಂಗೂ ಅದು ಗೊತ್ತಾಗುತ್ತಿರಲಿಲ್ಲ. ಅವನು ತನ್ನೊಳಗೇ ಒಂದು ಒಪ್ಪಂದ ಮಾಡಿಕೊಂಡ. ಭಾವ ಕೇಳಲಿ. ಒಂದು ಸಲ, ಮರ್ಯಾದೆಯಿಂದ, ಮನುಷ್ಯ ಮನುಷ್ಯನನ್ನು ಕೇಳುವ ಹಾಗೆ ಕೇಳಲಿ, ಹೇಳಿಬಿಡುತ್ತೇನೆ. ದಿನಗಳು ಕಳೆದವು. ಭಾವ ಕೋಟಿನ ವಿಷಯ ಕೇಳಿದ, ತಂಗಿಯ ಮಂಡಿನೋವಿನ ವಿಷಯ ಕೇಳಿದ, ಅದೊಂದನ್ನು ಮಾತ್ರ ಕೇಳಲಿಲ್ಲ. ತನಗೆ ಗೊತ್ತಿಲ್ಲದ್ದು ಈ ಮೇಷ್ಟ್ರಿಗೆ ಗೊತ್ತಿರಬಹುದು ಎನ್ನುವ ಅನುಮಾನವೇ ಅವನ ತಲೆಯೊಳಗೆ ಸುಳಿಯಲಿಲ್ಲ.

ಕೋಣೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಡುವಷ್ಟರಲ್ಲಿ ಫೋನು ಬಂತು. ಹಿತ್ತಾಳೆ ಕೆತ್ತುವವನು.

“ಸಾರ್, ಹಡಗಿಂದು ಹೊಸ ಫಲಕದಲ್ಲಿ ಕೊನೆ ಇಸವಿ ಒಂದೇ ಬಾಕಿ, ಈ ವರ್ಷದ್ದೇ ತಾನೇ? ಯಾಕೆ ಕೇಳ್ದೆ ಅಂದ್ರೆ, ಒಂದ್ಸಲ ಕೆತ್ತಿದ್ರೆ ಅಳಿಸೋಕೆ ಆಗಲ್ಲ. ಹೋದ ಸಲ ಇನ್ನೊಬ್ರು ಕೈಯಾರೆ ಬರ್ಕೊಟ್ಟು ಆಮೇಲೆ ನನ್ನ ಮೇಲೆ ಹಾಕಿದ್ರು.”

“ಈ ವರ್ಷದ್ದೇ. ನಾಳೆ ಬೆಳಗ್ಗೆ ಘೋಷಣೆ, ಅಷ್ಟರಲ್ಲಿ ಬೇಕು.”

“ನೂರಾರು ವರ್ಷ ನಡೆದದ್ದು ಅಲ್ವಾ ಸಾರ್. ಕೈಯೇ ಏಳ್ತಿಲ್ಲ.”

“ಕೆತ್ತಪ್ಪಾ ಸುಮ್ನೆ,” ಎಂದು ಅವನು ಫೋನಿಟ್ಟ. ಹಿತ್ತಾಳೆ ಕೆತ್ತುವವನಿಗೂ ಕೈ ಏಳುವುದಿಲ್ಲವಂತೆ! ಎಲ್ಲರಿಗೂ ಹೃದಯವಿದೆ, ಎಲ್ಲರ ಹೃದಯವನ್ನೂ ಅವನೇ ಕೇಳಿಸಿಕೊಳ್ಳಬೇಕು. ಕೋಣೆಯ ಕಪಾಟಿನಲ್ಲಿ ಅವನು ಬರೆದ ಬ್ಯಾಂಕಿನ ಚರಿತ್ರೆಯ ದಪ್ಪ ಪುಸ್ತಕದ ಪ್ರತಿಗಳು ಕಟ್ಟು ಬಿಚ್ಚದೆ ಬಿದ್ದಿದ್ದವು. ಮೊದಲ ಕರಡಿನಲ್ಲಿ ಅವನು, ಆ ಹಡಗುಗಳಲ್ಲಿ ಸಕ್ಕರೆ ಬರುವುದಕ್ಕೆ ಮುಂಚೆ ಮನುಷ್ಯರು ಹೋದರು, ಪರದೇಶದ ಕಬ್ಬಿನ ತೋಟಗಳಿಗೆ ಕೂಲಿಗಳೆಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವರಲ್ಲಿ ಹಿಂದಿರುಗಿದವರು ಕಡಿಮೆ, ಆ ಸಾಗಾಟಕ್ಕೂ ಜಾಮೀನಿನ ಮೊಹರು ನಮ್ಮದೇ, ಎಂದು ಬರೆದಿದ್ದ. ಬರೆದ ದಿನ ಮೈಯೆಲ್ಲ ಬಿಸಿಯಾಗಿತ್ತು. ಮೇಡಂ ಅದನ್ನು ಹೊಡೆದು, ‘ಖಂಡಗಳ ನಡುವೆ ಜನರ ಓಡಾಟಕ್ಕೆ ಬ್ಯಾಂಕು ಆಸರೆಯಾಯಿತು’ ಎಂದು ತಿದ್ದಿದರು. ಅವನು ಪ್ರತಿಭಟಿಸಲಿಲ್ಲ ಎನ್ನುವುದು ಹಾಗಿರಲಿ, ಆಸರೆ ಎನ್ನುವುದಕ್ಕಿಂತ ಹೆಗಲು ಎಂದರೆ ಚೆನ್ನಾಗಿರುತ್ತದೆ ಮೇಡಂ, ಎಂದಿದ್ದ. ಮೇಡಂಗೆ ಅದು ತುಂಬ ಹಿಡಿಸಿತು. ಯುದ್ಧದ ಎರಡೂ ಕಡೆಯವರಿಗೆ ಸಾಲ ಕೊಟ್ಟದ್ದು ‘ಸಂಕಟದಲ್ಲೂ ಬಾಗಿಲು ಮುಚ್ಚದ ಬ್ಯಾಂಕು’ ಎಂದಾಯಿತು. ಆಮೇಲಾಮೇಲೆ ಮೇಡಂ ತಿದ್ದುವ ಪ್ರಮೇಯವೇ ಬರಲಿಲ್ಲ, ಅವನಿಗೇ ಕೈ ಪಳಗಿತು. ಹಾಗಾದರೆ ಭಾವನೊಬ್ಬನ ವಿಷಯದಲ್ಲಿ ಮಾತ್ರ ಈ ತಕರಾರೇಕೆ? ಅಷ್ಟು ಜನರನ್ನು ನುಂಗಿದವನಿಗೆ ಇದೊಂದು ಗಂಟಲಲ್ಲಿ ಸಿಕ್ಕಿಕೊಂಡಿದೆಯಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಊಟದ ಮನೆಯಲ್ಲಿ ಹಡಗಿನವರದು ಕಿಟಕಿ ಪಕ್ಕದ ಉದ್ದ ಮೇಜು. ಅವನು ಮೂಲೆಯಲ್ಲಿ ಒಬ್ಬನೇ ಡಬ್ಬಿ ಬಿಚ್ಚುತ್ತಿದ್ದಾಗ ಭಾವ ಅಲ್ಲಿಂದಲೇ, “ಏನಯ್ಯಾ ಮೇಷ್ಟ್ರೇ, ಅನಾಥನ ಥರ ಕೂತಿದೀಯ, ಬಾ ಇಲ್ಲಿ,” ಎಂದು ಕೂಗಿದ. ಊಟದ ಮನೆಯ ಅಷ್ಟೂ ತಲೆಗಳು ತಿರುಗಿದವು. ಅವನು ಡಬ್ಬಿ, ಮುಚ್ಚಳ, ಚಮಚ ಎಲ್ಲವನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಹೋದ. ಚಮಚ ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಂಡ. ಮೇಜಿನ ಸುತ್ತ ಕೂತವರ ಮುಖಗಳಲ್ಲಿ ಕಳೆ ಇರಲಿಲ್ಲ. ಅನ್ನ ಕಲಸುತ್ತಿದ್ದರು, ತಿನ್ನುತ್ತಿರಲಿಲ್ಲ. ಹಡಗಿನಲ್ಲಿ ಎಲ್ಲರಿಗಿಂತ ಹಳಬಳಾದ, ಎಲ್ಲರೂ ಮೊಹರಕ್ಕ ಎಂದು ಕರೆಯುವ ಹೆಂಗಸು ತಡೆಯಲಾರದೆ ಅವನ ಕಡೆ ಬಗ್ಗಿದಳು.

“ಮೇಷ್ಟ್ರೇ, ನೀವು ಮೇಡಂ ರೂಮಿಗೆಲ್ಲ ಹೋಗಿ ಬರ್ತೀರ. ನಿಮಗೇನಾದ್ರೂ ಗೊತ್ತಿದ್ರೆ ಹೇಳಿ ಪುಣ್ಯ ಕಟ್ಕೊಳ್ಳಿ. ನಾವು ಹೆಸರು ಕೊಡೋದಾ ಬೇಡ್ವಾ?”

ಅನ್ನ ಕಲಸುತ್ತಿದ್ದ ಕೈಗಳು ನಿಂತವು. ಎಲ್ಲರ ಕಣ್ಣೂ ತನ್ನ ಮೇಲಿರುವುದು ಅವನಿಗೆ ಒಂದು ಕ್ಷಣ ಬಿಸಿಲು ಕಾಯಿಸಿಕೊಂಡಷ್ಟು ಹಿತವಾಯಿತು. ಹೇಳಬಹುದಿತ್ತು. ಬಾಯಿ ತೆರೆದೇ ಇದ್ದ.

“ಅಯ್ಯೋ, ಯಾರನ್ನ ಕೇಳ್ತಾ ಇದೀಯಮ್ಮ ನೀನು!” ಎಂದು ಭಾವ ನಗಾಡಿದ. “ಅವನಿಗೇನು ಗೊತ್ತು? ಅವನಿಗೆ ಗೊತ್ತಿರೋದೆಲ್ಲ ನೂರು ವರ್ಷ ಹಳೇದು. ಇವತ್ತಿನ ಸುದ್ದಿ ಬೇಕಂದ್ರೆ ಇನ್ನೊಂದು ನೂರು ವರ್ಷ ಬಿಟ್ಟು ಬಾ, ಹೇಳ್ತಾನೆ.”

ಎಲ್ಲರೂ ನಕ್ಕರು. ಹೆದರಿಕೆಯಲ್ಲಿದ್ದವರಿಗೆ ನಗುವುದಕ್ಕೆ ಒಂದು ನೆಪ ಬೇಕಿತ್ತು, ಆದ್ದರಿಂದ ಜೋರಾಗಿಯೇ ನಕ್ಕರು. ಮೊಹರಕ್ಕನೂ ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕಳು.

“ಹೌದೌದು. ನನಗೇನು ಗೊತ್ತು,” ಎಂದು ಅವನೂ ನಕ್ಕ. ಹಾಗೆ ನಗುವಾಗ ಬಾಯೊಳಗಿನ ತುತ್ತು ಸಿಹಿಯಾದಂತೆ ಅನಿಸಿತು. ಇನ್ನು ತನ್ನ ಮೇಲೆ ತಪ್ಪಿಲ್ಲ. ಅವನು ಹೇಳಲು ಹೊರಟಿದ್ದ, ಅವರೇ ಬಾಯಿ ಮುಚ್ಚಿಸಿದರು. ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈ ತೊಳೆದ. ಸಾಯಲಿ, ಎಂದು ಬಾಯಿಬಿಟ್ಟೇ ಹೇಳಿಕೊಂಡ. ಪಕ್ಕದಲ್ಲಿ ಬಾಯಿ ಮುಕ್ಕಳಿಸುತ್ತಿದ್ದ ಜೂಜುಕಟ್ಟೆಯವನೊಬ್ಬ ತಿರುಗಿ ನೋಡಿದ.

ಮಧ್ಯಾಹ್ನ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಕಾರಿಡಾರಿನಲ್ಲಿ ನಡೆಸಿಕೊಂಡು ಹೋಗುವ ಸರದಿ. ಗರಿಗರಿ ಅಂಗಿಗಳು, ಕೊರಳಲ್ಲಿ ಹೊಸ ಗುರುತುಚೀಟಿಗಳು. ಅವನು ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸುತ್ತಾ ಹೋದ. ಗೋದಾಮು, ಮೂವರು ವ್ಯಾಪಾರಿಗಳು, ಹೆಗಲು ಕೊಟ್ಟದ್ದು, ಬಾಗಿಲು ಮುಚ್ಚದ್ದು. ಅವರು ಕೇಳಿಸಿಕೊಂಡರು. ಶಾಲೆಯ ಮಕ್ಕಳು ನಿಜವನ್ನು ಕೇಳಲೊಲ್ಲದೆ ಡೆಸ್ಕು ಕುಟ್ಟಿದರು, ಈ ಸುಳ್ಳನ್ನು ದೊಡ್ಡವರು ಕೈ ಕಟ್ಟಿಕೊಂಡು ಕೇಳುತ್ತಾರೆ. ಕೊನೆಯಲ್ಲಿ ಒಂದು ಪದ್ಧತಿ ಇದೆ. ಹಡಗಿನ ಮುಖ್ಯಸ್ಥ ಬಂದು, ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಆ ಮೊದಲ ಮೊಹರನ್ನು ಮಸಿಯಿಲ್ಲದೆ ಒಬ್ಬೊಬ್ಬರ ಅಂಗೈಗೂ ಒತ್ತಿ, “ಇನ್ನು ನೀವು ನಮ್ಮವರು,” ಎನ್ನಬೇಕು. ಕಬ್ಬಿಣದ ಅಚ್ಚು ಚರ್ಮದ ಮೇಲೆ ಸ್ವಲ್ಪ ಹೊತ್ತು ಕೆಂಪಗೆ ನಿಲ್ಲುತ್ತದೆ. ಅವನು ಸೇರಿದ ದಿನ ಭಾವನೇ ಅವನಿಗೂ ಒತ್ತಿದ್ದ, ಎಲ್ಲರಿಗಿಂತ ಜೋರಾಗಿ, ಅವನು ಅಯ್ಯೋ ಎನ್ನುವವರೆಗೆ ಒತ್ತಿ, “ಇವನು ಮೊದಲೇ ನಮ್ಮವನು, ಎಲ್ಲಾದ್ರೂ ಓಡಿಹೋಗದೆ ಇರಲಿ ಅಂತ,” ಎಂದಿದ್ದ. ಈಗ ಭಾವ ಬಂದ. ಠೀವಿಯಿಂದಲೇ ಬಂದ, ಬೇರಿನ ಮಾತನ್ನೂ ಆಡಿದ. ಮೊಹರನ್ನು ಎತ್ತಿಕೊಂಡು ಸಾಲಿನ ಮೊದಲ ಹುಡುಗಿಯ ಅಂಗೈಗೆ ಒತ್ತಿದ. ಅವಳು ಕೈ ನೋಡಿಕೊಂಡು, “ಸಾರ್, ಏನೂ ಬೀಳಲೇ ಇಲ್ಲ,” ಎಂದಳು. ಯಾರೋ ಕಿಸಕ್ಕೆಂದರು. ಭಾವ ಇನ್ನೊಂದು ಸಲ ಒತ್ತಿದ. ಆಗ ಅವನ ಕಣ್ಣಿಗೆ ಬಿತ್ತು: ಭಾವನ ಕೈ ನಡುಗುತ್ತಿತ್ತು. ಮಣಿಕಟ್ಟಿನಿಂದ ಮೇಲೆ ಅಂಗಿಯ ತೋಳು ಕೂಡ ಅದುರುತ್ತಿತ್ತು. ಹಣೆಯ ಮೇಲೆ ಬೆವರು. ಅಂದರೆ ಈ ಮನುಷ್ಯನಿಗೆ ಭಯವಾಗಿದೆ. ಊಟದ ಮನೆಯ ಆ ನಗುವೆಲ್ಲ ಭಯದ್ದೇ. ಅದನ್ನು ಕಂಡಾಗ ಅವನಿಗೆ ಕನಿಕರ ಬರಬೇಕಿತ್ತು. ಬಂದದ್ದು ಸಂತೋಷ. ಬಾಯಾರಿದಾಗ ನೀರು ಕುಡಿದಂಥ ಸಂತೋಷ. ಅದರ ಬೆನ್ನಿಗೇ ನಾಚಿಕೆಯೂ ಬಂತು, ಆದರೆ ಸಂತೋಷ ಹೋಗಲಿಲ್ಲ. ಎರಡೂ ಒಟ್ಟಿಗೇ ನಿಂತು ಭಾವನ ಕೈಯನ್ನು ನೋಡಿದವು.

ನಾಲ್ಕು ದಾಟಿದ ಮೇಲೆ ಅವನ ಕೋಣೆಯ ಬಾಗಿಲನ್ನು ಯಾರೋ ತಟ್ಟಿದರು. ಈ ಬಾಗಿಲನ್ನು ತಟ್ಟಿ ಬರುವ ಅಭ್ಯಾಸ ಯಾರಿಗೂ ಇರಲಿಲ್ಲ. ಭಾವ. ಇಷ್ಟು ವರ್ಷಗಳಲ್ಲಿ ಅವನು ಇಲ್ಲಿಗೆ ಕಾಲಿಟ್ಟದ್ದು ಇದೇ ಮೊದಲು. ಒಳಗೆ ಬಂದು ಬಾಗಿಲು ಮುಚ್ಚಿ, ಕುರ್ಚಿಗಾಗಿ ನೋಡಿ, ಕಾಣದೆ, ಬಿಚ್ಚದ ಪುಸ್ತಕಗಳ ಕಟ್ಟಿನ ಮೇಲೆ ಕೂತ. ಕೂತಾಗ ಅವನ ಮೊಣಕಾಲು ಎದೆಯ ಮಟ್ಟಕ್ಕೆ ಬಂದು, ಶಾಲೆಯಲ್ಲಿ ಶಿಕ್ಷೆಗೆ ಕೂತ ಹುಡುಗನಂತೆ ಕಂಡ. ಕಾರಿಡಾರಿನ ಆಚೆ, ಗಾಜಿನ ಬಾಗಿಲಿನ ಹಿಂದೆ ಸಿಬ್ಬಂದಿ ವಿಭಾಗದ ಗುಮಾಸ್ತ ಹೆಸರು ಕೊಡುವವರಿಗಾಗಿ ಕಾದು ಆಕಳಿಸುತ್ತಿದ್ದದ್ದು ಬಾಗಿಲು ಮುಚ್ಚುವ ಮೊದಲು ಕಾಣಿಸಿತ್ತು.

“ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು,” ಎಂದ ಭಾವ.

ನಿಮ್ಮನ್ನ. ಅವನಿಗೆ ಕಿವಿ ನಂಬಲಾಗಲಿಲ್ಲ. ಮದುವೆಯ ದಿನದಿಂದಲೂ ಈ ಬಾಯಿಂದ ಆ ಮಾತು ಬಂದಿರಲಿಲ್ಲ.

“ಕೇಳಿ ಭಾವ.”

“ಊಟದ ಹೊತ್ತಲ್ಲಿ ಹಾಗಂದೆ ಅಂತ ಬೇಜಾರು ಮಾಡ್ಕೋಬೇಡಿ. ಎಲ್ಲರೂ ನನ್ನ ಮುಖಾನೇ ನೋಡ್ತಾ ಕೂತಿದ್ರು. ನಾನು ಹೆದರಿದೀನಿ ಅಂತ ಗೊತ್ತಾದ್ರೆ ಅವರೆಲ್ಲ ಕುಸಿದುಹೋಗ್ತಿದ್ರು.” ಭಾವ ತನ್ನ ಅಂಗೈಯನ್ನು ಇನ್ನೊಂದು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದ. “ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಮನೇಲಿ ಅವಳು ದಿನಾ ಅಳ್ತಾಳೆ. ನಿಮಗೆ ಏನಾದ್ರೂ ಗೊತ್ತಾ? ನಮ್ಮ ವಿಭಾಗ ಇರುತ್ತಾ? ಇಲ್ಲಾಂದ್ರೆ ಈಗಲೇ ಹೋಗಿ ಹೆಸರು ಕೊಟ್ಟುಬಿಡ್ತೀನಿ, ಎಲ್ಲರದ್ದೂ ಕೊಡಿಸ್ತೀನಿ. ಮಾನ ಹೋದ್ರೆ ಹೋಯ್ತು.”

ಅವನು ಕಾದಿದ್ದದ್ದು ಇದೇ. ಮರ್ಯಾದೆಯಿಂದ, ಮನುಷ್ಯ ಮನುಷ್ಯನನ್ನು ಕೇಳುವ ಹಾಗೆ. ಒಪ್ಪಂದದಲ್ಲಿ ಬರೆದಂತೆಯೇ ಎಲ್ಲ ನಡೆದಿತ್ತು. ಭಾವನ ಕಣ್ಣಿನ ಕೆಳಗೆ ಚರ್ಮ ಚೀಲದಂತೆ ಜೋತುಬಿದ್ದಿತ್ತು, ಅದೇ ಜಾಗದಲ್ಲಿ ಹೆಂಡತಿಗೂ ಜೋತುಬೀಳುತ್ತದೆ, ಅಣ್ಣತಂಗಿಯರ ಮುಖ ಒಂದೇ ಅಚ್ಚು ಎನ್ನುವುದು ಅವನಿಗೆ ಈಗ ಕಂಡಿತು. ಸಿಟ್ಟು ಎಲ್ಲೋ ಕರಗಿತು. ಹೋಗಿ ಭಾವ, ಈಗಲೇ ಹೋಗಿ, ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ತಡಮಾಡಿದ್ದನ್ನು ಕಂಡು, ಅವನಿಗೆ ಧೈರ್ಯ ತುಂಬಲೆಂದೋ, ತನಗೇ ಧೈರ್ಯ ತುಂಬಿಕೊಳ್ಳಲೆಂದೋ, ಭಾವ ನಗಲು ನೋಡಿದ.

“ನಿಮ್ಮನ್ನೇ ಯಾಕೆ ಕೇಳ್ದೆ ಗೊತ್ತಾ? ಬೇರೆ ಯಾರನ್ನ ಕೇಳಿದ್ರೂ ಸುಳ್ಳು ಹೇಳ್ತಾರೆ. ನಿಮ್ಮ ಕೈಲಿ ಆಗಲ್ಲ. ಸುಳ್ಳು ಹೇಳೋಕೂ ಒಂದು ಗುಂಡಿಗೆ ಬೇಕು, ಮೇಷ್ಟ್ರೇ.” ಎಂದು, ರೂಢಿಯಂತೆ, ಕೈ ಚಾಚಿ ಅವನ ಭುಜದ ಮೇಲಿಂದ ಇಲ್ಲದ ಧೂಳನ್ನು ಕೊಡವಿದ.

ಅವನು ತನ್ನ ಭುಜದ ಮೇಲಿನ ಆ ಕೈಯನ್ನು ನೋಡಿದ.

“ಏನೂ ಆಗಲ್ಲ ಭಾವ,” ಎಂದ ಅವನು. ಧ್ವನಿ ತೊದಲಲಿಲ್ಲ, ಹದವಾಗಿ, ಮೆತ್ತಗೆ ಬಂತು. ಕಾರಿಡಾರಿನಲ್ಲಿ ಪಳಗಿದ ಧ್ವನಿ. “ಮೇಡಂ ಬಾಯಿಂದಲೇ ಕೇಳಿದೀನಿ. ತಪಾಸಣೆಗೆ ಜನ ಸಾಲದು ಅಂತ ನಿಮ್ಮವರನ್ನ ಎಳ್ಕೊಳ್ಳೋಕೆ ನೋಡ್ತಿದಾರೆ, ಅಷ್ಟೇ. ಹೋದೋರು ಕೆಟ್ಟರು. ಬೇರು ಕಿತ್ತು ಯಾರಾದ್ರೂ ಮರ ಇಟ್ಕೊಳ್ತಾರಾ?”

ಭಾವ ಅವನ ಮುಖವನ್ನೇ ನೋಡಿದ. ಆಮೇಲೆ ಪುಸ್ತಕಗಳ ಕಟ್ಟಿನಿಂದ 'ಅಮ್ಮಾ' ಎಂದು ಎದ್ದು, ಅವನ ಎರಡೂ ಕೈಗಳನ್ನು ಹಿಡಿದುಕೊಂಡ. ಬಾಗಿಲು ತೆರೆದು ಹೊರಟುಹೋದ. ಭಾವನ ಹೆಜ್ಜೆಗಳು ಸಿಬ್ಬಂದಿ ವಿಭಾಗದ ಗಾಜಿನ ಬಾಗಿಲನ್ನು ದಾಟಿ, ನಿಲ್ಲದೆ, ಲಿಫ್ಟಿನ ಕಡೆ ಹೋದವು. ಅವನು ತನ್ನ ಕೈಗಳನ್ನು ನೋಡಿಕೊಂಡ. ಅವುಗಳಲ್ಲಿ ಭಾವನ ಬೆವರು ಇತ್ತು. ಕೂಗಿ ಕರೆಯಬೇಕು ಅನ್ನಿಸಿತು, ಎದ್ದೂ ನಿಂತ. ಸುಳ್ಳು ಹೇಳೋಕೂ ಒಂದು ಗುಂಡಿಗೆ ಬೇಕಂತೆ. ಈಗ ಗೊತ್ತಾಯಿತೇನು, ಎಂದು ಯಾರೋ ಒಳಗಿನಿಂದ ಕೇಳುತ್ತಿದ್ದರು. ಮೊದಲು ಒಪ್ಪಂದ ಎಂದುಕೊಂಡದ್ದು ಒಪ್ಪಂದವಲ್ಲ, ಬರೀ ನೆಪ ಎಂದು ಅವನಿಗೆ ಹೊಳೆಯಿತು. ಭಾವ ಇನ್ನೂ ಚೆನ್ನಾಗಿ ಕೇಳಿದ್ದರೂ, ಕಾಲು ಹಿಡಿದು ಕೇಳಿದ್ದರೂ, ಅದರಲ್ಲಿ ಒಂದು ಕೊಂಕು ಹುಡುಕಿಕೊಳ್ಳುತ್ತಿದ್ದನಲ್ಲವೇ? ಮೇಲಿನಿಂದ, ಎರಡನೆಯ ಅಂತಸ್ತಿನ ಹಡಗು ವಿಭಾಗದಿಂದ, ಒಂದು ಗದ್ದಲ ಕೇಳಿಸಿತು. ಕುರ್ಚಿಗಳು ಸರಿದ ಸದ್ದು, ಆಮೇಲೆ ಹಲವರು ಒಟ್ಟಿಗೆ ಚಪ್ಪಾಳೆ ತಟ್ಟಿದ ಸದ್ದು. ಅದರ ನಡುವೆ ಮೊಹರಕ್ಕನ ನಗು ಇದ್ದೀತು.

ಇನ್ನೂ ಹೊತ್ತು ಮೀರಿರಲಿಲ್ಲ. ಅವನು ಬಾಗಿಲಿನವರೆಗೆ ಬಂದ. ಎದುರಿನ ಗಾಜಿನ ಹಿಂದೆ ಗುಮಾಸ್ತ ಪೆನ್ನುಗಳನ್ನು ಲೋಟಕ್ಕೆ ಹಾಕಿ, ಕನ್ನಡಕ ಒರೆಸಿಕೊಳ್ಳುತ್ತಿದ್ದ. ಎರಡು ಅಂತಸ್ತು ಹತ್ತಿ ಒಂದು ಮಾತು ಹೇಳಿ ಬರುವಷ್ಟು ಸಮಯವಿತ್ತು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು.

“ರೀ,” ಎಂದಳು ಹೆಂಡತಿ. ಅವಳ ಧ್ವನಿ ಒದ್ದೆಯಾಗಿತ್ತು. “ಅಣ್ಣ ಈಗ ಫೋನ್ ಮಾಡಿದ್ದ. ನೀವು ಹೇಳಿದಿರಂತಲ್ಲ, ಏನೂ ಆಗಲ್ಲ ಅಂತ. ಎಷ್ಟು ಅತ್ತ ಗೊತ್ತಾ? ಅವನು ಅತ್ತಿದ್ದು ನಾನು ನೋಡೇ ಇಲ್ಲ.”

“ಹೂಂ.”

“ಏನಂದ ಗೊತ್ತಾ ನಿಮ್ಮ ಬಗ್ಗೆ? ಇಷ್ಟು ವರ್ಷ ಅವರನ್ನ ಆಡ್ಕೊಂಡು ನಕ್ಕೆ, ಕಷ್ಟಕ್ಕೆ ಅಂತ ಆದೋರು ಅವರೊಬ್ಬರೇ. ನಿನ್ನ ಗಂಡ ದೊಡ್ಡ ಮನುಷ್ಯ ಕಣೇ, ಅಂದ. ನನಗೆ ಅಳು ತಡೆಯೋಕಾಗಲಿಲ್ಲ ರೀ.”

ಫೋನಿನ ತಂತಿ ಉದ್ದವಾಗಿತ್ತು. ಅವನು ಬಾಗಿಲಿನವರೆಗೆ ಅದನ್ನು ಎಳೆದುಕೊಂಡು ಬಂದು ನಿಂತ. ಹೇಳಿಬಿಡಬೇಕು. ಅಣ್ಣನಿಗೆ ತಿರುಗಿ ಫೋನ್ ಮಾಡು, ಈಗಲೇ ಮಾಡು, ಕೆಳಗೆ ಓಡಿ ಬರಲಿ ಎನ್ನು. ಎದುರಿಗೆ ಗುಮಾಸ್ತ ಎದ್ದು ನಿಂತು ಕೋಟಿಗೆ ತೋಳು ತೂರಿಸುತ್ತಿದ್ದ. ಒಂದು ತೋಳು ಸಿಕ್ಕಿಕೊಂಡಿತು, ಅದನ್ನು ಬಿಡಿಸಿಕೊಳ್ಳುತ್ತಾ ಗಡಿಯಾರದ ಕಡೆ ನೋಡಿದ.

“ರೀ, ಇದೀರಾ?”

“ಇದೀನಿ,” ಎಂದ ಅವನು. ಗುಮಾಸ್ತ ದೀಪ ಆರಿಸಿದ. “ಸರಿಯಾಗಿ ಕೇಳಿಸಲಿಲ್ಲ. ಅಣ್ಣ ಏನಂದ, ಇನ್ನೊಂದ್ಸಲ ಹೇಳು.”